ರಕ್ತದ ಔಟ್‌ಟರ್ನ್ ಮತ್ತು ನಮ್ಮ ಮನೆಯ ಕಾಫಿ ಪುಡಿ

ನಮ್ಮ ಮನೆತನದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಯಾರೂ ತಪ್ಪು ತಿಳಿಯಬಾರದು. ನನ್ನ ಅಜ್ಜ ಮಡಿಕೇರಿಯಲ್ಲಿ ಹೆಡ್‌ಮಾಸ್ತರರಾಗಿದ್ದರು. ತಂದೆ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದರು. ಅರ್ಜಿ ಹಿಡಿದು ಬಂದವರಾಗಲಿ, ಜಗಳ ಕಾಯಲು ಬಂದವರಾಗಲಿ, ನಮ್ಮ ಮನೆಯ ಮೆಟ್ಟಿಲು ಹತ್ತಿದವರು ಕಾಫಿ ಕುಡಿಯದೆ ಇಳಿದದ್ದಿಲ್ಲ. ನನ್ನನ್ನು ಕಾನ್ವೆಂಟಿನಲ್ಲಿ ಓದಿಸಿದರು. ಬೆನ್ನು ನೆಟ್ಟಗಿಟ್ಟುಕೊಂಡು ಕೂರುವುದನ್ನೂ ಕೇಳಿದ ಪ್ರಶ್ನೆಗೆ ಪೂರ್ತಿ ವಾಕ್ಯದಲ್ಲಿ ಉತ್ತರಿಸುವುದನ್ನೂ ಅಲ್ಲಿ ಕಲಿತೆ. ಸುಂಟಿಕೊಪ್ಪದ ಬಳಿಯ ಒಂದು ಸಣ್ಣ ಆಸ್ಪತ್ರೆಗೆ ಈಗ ನಾನು ಮೇಟ್ರನ್. ಇಷ್ಟೆಲ್ಲ ಶಿಸ್ತಿದ್ದರೂ ನಗೆಪಾಟಲಿನ ಸಂಗತಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ನಾನು ನಗುವುದಿಲ್ಲ. ಸುತ್ತ ಇರುವವರು ನಗುತ್ತಾರೆ.

ಇದೆಲ್ಲ ಶುರುವಾದದ್ದು ನಮ್ಮಲ್ಲಿಗೆ ಹೊಸದಾಗಿ ಬಂದ ಲೇಡಿ ಡಾಕ್ಟರಿಂದ. ಜ್ವರ ಬಂದರೆ ನಮ್ಮ ಕಡೆಯವರು ತಾವಾಗಿಯೇ ಬಂದು ರಕ್ತಕಣಗಳ ಎಣಿಕೆ ಮಾಡಿಸುತ್ತಾರೆ. ಕೊಲೆಸ್ಟರಾಲ್ ನೋಡಿಸಿ ಎಂದರೆ ಮಾತ್ರ ಬಸ್ ಹೊರಟಿತು ಎಂದು ಎದ್ದುಬಿಡುತ್ತಾರೆ. ಆದ್ದರಿಂದ ಡಾಕ್ಟರು ಒಂದು ದಾರಿ ಕಂಡುಕೊಂಡರು. ಬಿಳಿ ರಕ್ತಕಣಗಳಲ್ಲಿ ಹಲವು ಬಗೆ ಇವೆ. ಒಂದು ಬಗೆಯದು ಇನ್ನೊಂದರ ಎಷ್ಟು ಪಟ್ಟು ಇದೆ ಎಂಬುದನ್ನು ಅವರು ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕ ಏರುಪೇರಾಗಿದ್ದರೆ ರಕ್ತದಲ್ಲಿ ಕೊಬ್ಬಿನ ಅಂಶವೂ ಕೆಟ್ಟಿರಬಹುದು ಎಂದು ಅನುಮಾನಿಸಿ, ಬರೀ ಹೊಟ್ಟೆಯಲ್ಲಿ ಬಂದು ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುತ್ತಿದ್ದರು. "ಇದು ಬರೀ ಸುಳಿವು ಮೇಡಂ, ತೀರ್ಪಲ್ಲ. ಆದರೆ ಸುಳಿವು ಸಿಕ್ಕಿಯೂ ಸುಮ್ಮನಿದ್ದರೆ ತಪ್ಪಾಗುತ್ತೆ," ಎಂದರು. ರೋಗಿಗಳಿಗೆ ಇದನ್ನು ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಅದೇ ತಿಂಗಳು ನನ್ನ ಯಜಮಾನರಿಗೆ ಕಣ್ಣಿನ ಪೊರೆ ತೆಗೆಸಬೇಕಿತ್ತು. ಅದಕ್ಕೆಂದು ಮಾಡಿಸಿದ ರಕ್ತಕಣಗಳ ಎಣಿಕೆ ಡಾಕ್ಟರ ಮೇಜಿಗೆ ಬಂತು. ಅವರು ಲೆಕ್ಕ ಹಾಕಿ ನನ್ನ ಮುಖ ನೋಡಿದರು. "ಇವರಿಗೆ ಜ್ವರ, ಗಾಯ ಏನೂ ಇಲ್ಲ. ಆದರೂ ಹೆಚ್ಚಿದೆ. ಬೇಗ ಕೊಲೆಸ್ಟರಾಲ್ ನೋಡಿಸಿ."

ಯಜಮಾನರು ನೋಡಿಸಲು ಸಿದ್ಧರಿರಲಿಲ್ಲ. ಕಾರಣ ನನಗೆ ಗೊತ್ತಿತ್ತು. ಅವರ ತಂದೆ ಒಂದು ಬೆಳಗ್ಗೆ ಪೇಪರ್ ಓದುತ್ತಾ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಆ ವಯಸ್ಸು ಈಗ ಇವರಿಗೆ. ಈ ವರ್ಷ ಶುರುವಾದಾಗಿನಿಂದ ಇವರು ಪೇಪರನ್ನು ನಿಂತುಕೊಂಡೇ ಓದುತ್ತಾರೆ. ಕಾರಣ ಕೇಳಿದರೆ ಸೊಂಟಕ್ಕೆ ಒಳ್ಳೆಯದು ಎನ್ನುತ್ತಾರೆ.

ಅನುಪಾತ

ಆ ಲೆಕ್ಕಕ್ಕೆ ಡಾಕ್ಟರು ಬಳಸುತ್ತಿದ್ದ ರೇಶಿಯೋ ಎಂಬ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಶುದ್ಧ ಕನ್ನಡದಲ್ಲಿ ಹೇಳೋಣವೆಂದು ನಾನು 'ಅನುಪಾತ' ಎಂದು ಶುರುಮಾಡಿದೆ. ಮೊದಲು ಸಿಕ್ಕವರು ಭಾಗಮಂಡಲದ ಕಡೆಯ ವಯಸ್ಸಾದ ಅರ್ಚಕರು. ಜ್ವರಕ್ಕೆಂದು ಬಂದು ಮಲಗಿದ್ದರು.

"ನಿಮ್ಮ ರಕ್ತದಲ್ಲಿ ಅನುಪಾತ ಸ್ವಲ್ಪ ಹೆಚ್ಚಾಗಿದೆ," ಎಂದೆ.

ಅವರು ತಲೆ ತಗ್ಗಿಸಿದರು. "ಆಗಿರುತ್ತೆ ತಾಯಿ. ಪಂಡಿತರು ಹೇಳಿದ್ದು ಒಂದು ಚಮಚ. ನಾನು ಎರಡು ಹಾಕಿಕೊಳ್ತಿದ್ದೆ."

"ಏನನ್ನು?"

"ತುಪ್ಪ. ಅಲ್ಲ, ಅದು ರಕ್ತದಲ್ಲಿ ಕಾಣುತ್ತಾ? ವಿಜ್ಞಾನ ಎಷ್ಟು ಮುಂದೆ ಹೋಗಿದೆ ನೋಡಿ."

ಆಗ ನನಗೆ ಹೊಳೆಯಿತು. ಅವರು ಆಯುರ್ವೇದದ ಚೂರ್ಣ ತೆಗೆದುಕೊಳ್ಳುವವರು. ಚೂರ್ಣವನ್ನು ತುಪ್ಪದಲ್ಲೋ ಜೇನಿನಲ್ಲೋ ಕಲಸಿ ತಿನ್ನುತ್ತಾರಲ್ಲ, ಆ ತುಪ್ಪ-ಜೇನಿಗೆ ಅನುಪಾನ ಎನ್ನುತ್ತಾರೆ. ಅವರ ಕಿವಿಗೆ ಬಿದ್ದದ್ದು ಅದು.

"ಹಾಗಾದರೆ ಇನ್ನು ಮೇಲೆ ಜೇನು ಹಾಕಿಕೊಳ್ಳಲಾ?" ಎಂದರು.

ಕಾನ್ವೆಂಟಿನಲ್ಲಿ ಕಲಿತ ಸ್ಪಷ್ಟ ಉಚ್ಚಾರಣೆಯಲ್ಲಿ ನಾನು ಹೇಳಿದೆ: "ಸ್ವಾಮಿ, ಸರಿಯಾಗಿ ಕೇಳಿಸಿಕೊಳ್ಳಿ. ನಾನು ಹೇಳಿದ್ದು ಪಾತ. ಪಾನ ಅಲ್ಲ."

ಅವರು ಹಾಸಿಗೆಯಿಂದ ಎದ್ದೇ ಕೂತರು. "ಪಾನದ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ ತಾಯಿ. ಭಾಗಮಂಡಲದಲ್ಲಿ ಯಾರನ್ನು ಬೇಕಾದರೂ ಕೇಳಿ."

ಜ್ವರ ಇಳಿದ ಮೇಲೆ ಅವರ ಅನುಪಾತವೂ ಇಳಿಯಿತು. ಕೊಲೆಸ್ಟರಾಲ್ ನೋಡಿದರೆ ಹದಿಹರೆಯದವರಿಗೆ ಇರುವಷ್ಟು ಚೊಕ್ಕವಾಗಿತ್ತು. ಜ್ವರ ಬಂದಾಗಲೂ ಈ ಲೆಕ್ಕ ಏರುತ್ತದೆ, ಅದಕ್ಕೇ ಇದನ್ನು ಬರೀ ಸುಳಿವು ಅನ್ನುವುದು ಎಂದು ಡಾಕ್ಟರು ವಿವರಿಸಿದರು. ಸಂಜೆ ಇದನ್ನು ಮನೆಯಲ್ಲಿ ಹೇಳಿದ್ದು ನನಗೆ ತಿರುಗುಬಾಣವಾಯಿತು.

"ನೋಡಿದೆಯಾ," ಎಂದರು ಯಜಮಾನರು. "ದಿನಾ ಎರಡು ಚಮಚ ತುಪ್ಪ ತಿನ್ನೋರಿಗೇ ಏನೂ ಇಲ್ಲ. ನಾನು ಮಜ್ಜಿಗೆ ಕುಡಿಯೋನು."

"ಅವರಿಗೆ ಜ್ವರ ಇತ್ತು ರೀ. ನಿಮಗಿಲ್ಲ."

"ಹಾಗಾದ್ರೆ ನನಗೂ ಜ್ವರ ಬರಲಿ, ಆಮೇಲೆ ನೋಡೋಣ."

ಬರೀ ಹೊಟ್ಟೆ

ಡಿಸೆಂಬರ್ ಕಳೆದು ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ಜೋರಾಗಿದ್ದ ಕಾಲ. ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಒಬ್ಬ ಹೆಂಗಸಿಗೆ ಕೊಲೆಸ್ಟರಾಲ್ ಪರೀಕ್ಷೆಗೆ ಹೇಳಿದ್ದೆ. ಹಿಂದಿನ ದಿನ ರಾತ್ರಿ ಊಟವಾದ ಮೇಲೆ ನೀರು ಬಿಟ್ಟು ಬೇರೇನೂ ಕೂಡದು ಎಂದು ಒತ್ತಿ ಹೇಳಿದ್ದೆ. ಬೆಳಗ್ಗೆ ಬಂದಳು.

"ಏನಾದರೂ ತಿಂದೆಯಾ?"

"ಇಲ್ಲಮ್ಮ. ಒಂದಗಳೂ ಮುಟ್ಟಿಲ್ಲ."

"ಕುಡಿದೆಯಾ?"

"ಕಾಫಿ ಕುಡ್ದೆ."

"ಏನೂ ಕೂಡದು ಅಂದಿದ್ದೆನಲ್ಲ?"

"ಕಾಫಿ ಏನೂ ಅಲ್ವಲ್ಲಮ್ಮ."

ವಾಪಸ್ ಕಳಿಸಿದೆ. ಮುಂದಿನ ವಾರ ಬಂದಾಗ ಹೆಮ್ಮೆಯಿಂದ, "ಇವತ್ತು ಹಾಲು ಹಾಕಿಲ್ಲಮ್ಮ. ಬೆಲ್ಲದ ಕಾಫಿ," ಎಂದಳು. ಬೆಲ್ಲ ಹೊಟ್ಟೆಗೆ ಹೋದರೂ ಪರೀಕ್ಷೆಯ ಲೆಕ್ಕ ಕೆಡುತ್ತದೆ ಎಂದು ಮತ್ತೆ ಕಳಿಸಿದೆ. ಕೊನೆಗೊಂದು ದಿನ ಚಳಿಯಲ್ಲಿ ಕಂಬಳಿ ಹೊದ್ದು, ಒಣಗಿದ ತುಟಿಯಲ್ಲಿ, ನೀರು ಬಿಟ್ಟು ಏನೂ ಮುಟ್ಟದೆ ಬಂದಳು. ಪಿಕ್ಕಿಂಗಿಗೆ ಹೋಗುವ ಹೊತ್ತು ಬಿಟ್ಟು, ಮಂಜಿನಲ್ಲಿ ಅಷ್ಟು ದೂರ ನಡೆದು ಬಂದಿದ್ದಾಳೆ. ನನಗೆ ನಿಜವಾಗಿಯೂ ಮನಸ್ಸು ಕರಗಿತು. ಅವಳನ್ನು ಬೆಂಚಿನ ಮೇಲೆ ಕೂರಿಸಿ, ರಕ್ತ ತೆಗೆಯುವವರನ್ನು ಕರೆಯಲು ನಾನೇ ಒಳಗೆ ಹೋದೆ.

ಹಿಂತಿರುಗಿ ಬಂದರೆ ಅವಳ ಕೈಯಲ್ಲಿ ಸ್ಟೀಲ್ ಲೋಟ. ಅರ್ಧ ಖಾಲಿ. ಪಕ್ಕದಲ್ಲಿ ನಮ್ಮ ಆಯಾ, ಕೆಟಲ್ ಹಿಡಿದು ನಿಂತಿದ್ದಾಳೆ.

"ಯಾರು ಕೊಡಲು ಹೇಳಿದ್ದು?" ಎಂದೆ.

"ನೀವೇ ಮೇಡಂ," ಎಂದಳು ಆಯಾ. "ಬೆಂಚಿನ ಮೇಲೆ ಕೂತೋರಿಗೆ ಕಾಫಿ ಕೊಡ್ದೆ ಕಳಿಸಬಾರದು, ಅದು ನಮ್ಮ ಮನೆಯ ಪದ್ಧತಿ ಅಂತ ನೀವೇ ಅಲ್ವಾ ಮಾಡಿದ್ದು?"

ಅದು ನಿಜ. ಈ ಆಸ್ಪತ್ರೆಗೆ ಬಂದ ಮೊದಲ ವಾರವೇ ನಾನು ಮಾಡಿದ ನಿಯಮ. ಲೈನಿನ ಹೆಂಗಸಿನ ಕಡೆ ತಿರುಗಿದೆ. "ನೀನಾದರೂ ಬೇಡ ಅನ್ನಬಾರದಿತ್ತೇ?"

"ಅಂದೆ ಅಮ್ಮ. ಬೇಡ ಅಂದ್ರೆ ನಿಮ್ಮ ಅಜ್ಜಂಗೆ ಅವಮಾನ ಆಗುತ್ತೆ ಅಂದ್ಲು."

ಅವತ್ತೇ ಬೆಂಚಿನ ಮೇಲೆ ಒಂದು ಬೋರ್ಡು ಹಾಕಿಸಿದೆ: 'ಕಾಫಿ, ರಕ್ತ ಕೊಟ್ಟ ಮೇಲೆ.' ಮನೆಯಲ್ಲಿ ಹೇಳಿದಾಗ ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿಸಿ, "ಹಾಗಾದ್ರೆ ನನ್ನ ಕೈಲಿ ಆಗೋದಲ್ಲ ಬಿಡು. ಬೆಳಗ್ಗೆ ಕಾಫಿ ಇಲ್ದೆ ನನಗೆ ನನ್ನ ಹೆಸರೇ ನೆನಪಾಗಲ್ಲ," ಎಂದು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ನಿಂತುಕೊಂಡೇ.

ಔಟ್‌ಟರ್ನ್

ಅನುಪಾತವನ್ನು ಕೈಬಿಟ್ಟ ಮೇಲೆ ಎಲ್ಲರಿಗೂ ಗೊತ್ತಿರುವ ಬೇರೊಂದು ಮಾತು ಬೇಕಾಗಿತ್ತು. ಅದು ಮನೆಯಲ್ಲೇ ಸಿಕ್ಕಿತು. ನನ್ನ ಯಜಮಾನರು ನಿವೃತ್ತರಾಗುವವರೆಗೆ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಔಟ್‌ಟರ್ನ್ ನೋಡುವವರಾಗಿದ್ದರು. ಒಣಗಿದ ಕಾಫಿ ಹಣ್ಣಿನ ಒಂದು ಚೀಲಕ್ಕೆ ಸಿಪ್ಪೆ ಕಳೆದು ಎಷ್ಟು ಬೀಜ ಉಳಿಯುತ್ತದೆ ಎಂಬ ಲೆಕ್ಕವೇ ಔಟ್‌ಟರ್ನ್. ಕೊಡಗಿನಲ್ಲಿ ಇದನ್ನು ತಿಳಿಯದವರು ಇಲ್ಲ. ಒಂದನ್ನು ಇನ್ನೊಂದಕ್ಕೆ ಹೋಲಿಸಿ ನೋಡುವುದು ತಾನೇ? ಸರಿಹೋಯಿತು ಎಂದುಕೊಂಡೆ.

ಪಾಲಿಬೆಟ್ಟದ ಕಡೆಯ ಒಬ್ಬ ತೋಟದ ಸಾಹುಕಾರರು ಬಂದಿದ್ದರು. "ಇದು ರಕ್ತದ ಔಟ್‌ಟರ್ನ್ ಇದ್ದ ಹಾಗೆ," ಎಂದು ಶುರುಮಾಡಿದೆ.

ಅವರು ಮುಂದೆ ಬಾಗಿದರು. "ನನ್ನದು ಎಷ್ಟು ಬಂತು?"

"ಬೇರೆಯವರಿಗಿಂತ ಬಹಳ ಹೆಚ್ಚು."

ಅವರ ಮುಖ ಅರಳಿತು. ನಾನು ಮಾತು ಮುಂದುವರಿಸುವಷ್ಟರಲ್ಲಿ ಡಾಕ್ಟರ ಕೈ ಕುಲುಕಿ, ನನಗೆ ನಮಸ್ಕಾರ ಮಾಡಿ, ಜೀಪು ಹತ್ತಿ ಹೋದರು. ಆ ವಾರ ಆ ಕಡೆ ನಡೆದ ಮದುವೆಗಳಲ್ಲೆಲ್ಲ ಅವರ ರಕ್ತದ ಔಟ್‌ಟರ್ನಿನದೇ ಮಾತಾಯಿತು. ವಾರ ಕಳೆಯುವುದರೊಳಗೆ ಅವರ ಪಕ್ಕದ ತೋಟದವರು ಬಂದರು.

"ಎಂತ ಮೇಡಂ ಇದು? ಅವನ ತೋಟದ್ದೇ ನನಗಿಂತ ಕಡಿಮೆ ಔಟ್‌ಟರ್ನ್. ಮೈಯಲ್ಲಿ ಹೆಚ್ಚು ಹೇಗೆ ಬರ್ತದೆ? ನನ್ನದೂ ನೋಡಿ."

ನೋಡಿದೆವು. "ನಿಮ್ಮದು ಕಡಿಮೆ ಇದೆ. ಬಹಳ ಒಳ್ಳೆಯದು," ಎಂದೆ.

ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಯಾರಿಗೂ ಹೇಳ್ಬೇಡಿ ಮೇಡಂ. ಎಂತ ಗೊಬ್ಬರ ಹಾಕಿದ್ರೆ ಏರ್ತದೆ?"

ಹಠಕ್ಕೆ ಬಿದ್ದು ಬಂದವರೇ ಆದರೂ ಬೆಂಚು ತುಂಬಿತು. ಡಾಕ್ಟರು ಸಂತೋಷಪಟ್ಟರು. ಮೊದಲನೆಯ ಸಾಹುಕಾರರನ್ನು ನಾನೇ ಫೋನ್ ಮಾಡಿ ಕರೆಸಿದೆ. ಅವರ ಕೊಲೆಸ್ಟರಾಲ್ ನಿಜವಾಗಿಯೂ ಏರಿತ್ತು. ಔಟ್‌ಟರ್ನ್ ಇಳಿಸಬೇಕು ಎಂದಾಗ ಬಹಳ ಬೇಸರಪಟ್ಟರು, ಆದರೆ ಮಾತ್ರೆ ತೆಗೆದುಕೊಂಡರು.

ಈ ಸಲ ಯಜಮಾನರು ನಗಲಿಲ್ಲ. ಅವರ ಕಸುಬಿನ ಮಾತನ್ನು ನಾನು ಎತ್ತಿಕೊಂಡದ್ದು ಅವರಿಗೆ ಹಿಡಿಸಿರಲಿಲ್ಲ.

"ಔಟ್‌ಟರ್ನ್ ನೋಡಬೇಕಾದ್ರೆ ಮಾಲು ಚೆನ್ನಾಗಿ ಒಣಗಿರಬೇಕು," ಎಂದರು. "ನಾನಿನ್ನೂ ಒಣಗಿಲ್ಲ."

"ರೀ," ಎಂದೆ, "ತಮಾಷೆ ಸಾಕು. ನಿಮ್ಮ ತಂದೆಯವರ ವಯಸ್ಸು ನಿಮಗೀಗ."

ಅವರು ಪೇಪರ್ ಮಡಿಸಿದರು. "ಅದು ನನಗೆ ಗೊತ್ತಿಲ್ವೇನೇ? ನೋಡಿಸಿದ್ರೆ ಗೊತ್ತಾಗಿಬಿಡುತ್ತಲ್ಲ, ಅದಕ್ಕೇ."

"ಗೊತ್ತಾದರೆ ಮಾತ್ರೆ ಇದೆ. ಗೊತ್ತಾಗದಿದ್ದರೆ ನಾನು ದಿನಾ ಬೆಳಗ್ಗೆ ಅಡುಗೆಮನೆಯಿಂದ ಪೇಪರಿನ ಸದ್ದು ಕೇಳಿಸಿಕೊಳ್ಳುತ್ತಾ ನಿಂತಿರಬೇಕು. ಪುಟ ಮಗುಚಿದ ಸದ್ದು ಸ್ವಲ್ಪ ತಡವಾದರೆ ನನ್ನ ಕೈಯಲ್ಲಿದ್ದದ್ದು ಹಾಗೇ ನಿಂತುಬಿಡುತ್ತದೆ."

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವರು ಮಡಿಸಿದ ಪೇಪರನ್ನು ಮೇಜಿನ ಮೇಲಿಟ್ಟರು. "ನಾಳೆ ಬರ್ತೀನಿ," ಎಂದರು.

ಕಾಫಿ ಇಲ್ಲದ ಬೀದಿ

ಮಾತು ಕೊಟ್ಟರೂ ಅವರ ಕಾಫಿಯ ಚಟ ನನಗೆ ಗೊತ್ತಿತ್ತು. ಅಂದು ಸಂಜೆಯೇ ಕಾಫಿ ಪುಡಿಯನ್ನೂ ಬೆಲ್ಲವನ್ನೂ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನಮ್ಮ ಬೀದಿಯ ಪ್ರತಿ ಮನೆಗೂ ಫೋನ್ ಮಾಡಿ, ನಾಳೆ ಬೆಳಗ್ಗೆ ನಮ್ಮ ಯಜಮಾನರಿಗೆ ರಕ್ತಪರೀಕ್ಷೆ ಇದೆ, ದಯವಿಟ್ಟು ಕಾಫಿ ಕೊಡಬೇಡಿ ಎಂದು ಕೇಳಿಕೊಂಡೆ. ಬೆಳಗ್ಗೆ ನನಗೆ ಬೇಗನೆ ಡ್ಯೂಟಿ. ನಿಧಾನವಾಗಿ ಬನ್ನಿ ಎಂದು ಹೇಳಿ ಮುಂದೆ ಹೋದೆ. ಆಮೇಲೆ ನಡೆದದ್ದನ್ನು ಒಬ್ಬೊಬ್ಬರ ಬಾಯಿಂದ ಕೇಳಿ ಕೂಡಿಸಿದ್ದೇನೆ.

ಎದ್ದವರು ಅಡುಗೆಮನೆಯ ಡಬ್ಬಗಳನ್ನೆಲ್ಲ ತೆಗೆದು ನೋಡಿದ್ದಾರೆ. ಆಮೇಲೆ ಮಫ್ಲರ್ ಸುತ್ತಿಕೊಂಡು ಬೀದಿಗೆ ಇಳಿದಿದ್ದಾರೆ. ಮೊದಲು ಪಕ್ಕದ ಟೈಲರ್ ಮನೆ.

"ನಮ್ಮನೇಲಿ ಕಾಫಿ ಪುಡಿ ಮುಗಿದುಹೋಗಿದೆ. ಒಂದರ್ಧ ಲೋಟ ಕಾಫಿ ಸಿಗುತ್ತಾ?"

ಟೈಲರು ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದವರು. "ಹಾಲು ಒಡೆದುಹೋಯ್ತು ಸಾರ್."

"ಕರಿ ಕಾಫಿ ಆದ್ರೂ ಸಾಕು."

"ಅದೂ ಒಡೆದಿದೆ ಸಾರ್."

ಅಲ್ಲಿಂದ ಬೇಕರಿ. ಬೇಕರಿಯವರು ಇವರನ್ನು ಕಂಡದ್ದೇ ಬಾಯ್ಲರಿಗೆ ಬೆನ್ನು ಕೊಟ್ಟು ಅಡ್ಡ ನಿಂತರಂತೆ. ಬೆನ್ನ ಹಿಂದೆ ಹಬೆ, ಅಂಗಡಿ ತುಂಬ ಪರಿಮಳ. "ಕಾಫಿ ಇಲ್ಲ ಸಾರೇ. ಇದು ಕಾಲು ತೊಳೆಯುವ ಬಿಸಿನೀರು." ಮುಂದಿನದು ಟೀಚರಮ್ಮನ ಮನೆ. ಬಾಗಿಲು ತಟ್ಟಿದಾಗ ಕಿಟಕಿ ಚೂರೇ ತೆರೆದು ಅವರು ಹೇಳಿದ್ದು: "ಅಣ್ಣ, ನಾನೀಗ ಮನೇಲಿಲ್ಲ."

ಹೀಗೆ ಕೇಳುತ್ತಾ ಕೇಳುತ್ತಾ ಬೀದಿ ಮುಗಿದು ಬಸ್‌ಸ್ಟಾಪಿಗೆ ಬಂದರು. ಆ ಹೊತ್ತಿಗೆ ಆ ಕಡೆಯಿಂದ ಪಾಲಿಬೆಟ್ಟದ ಸಾಹುಕಾರರ ಜೀಪು ಬಂತು. ಅವರಿಗೆ ನನ್ನ ಫೋನ್ ಹೋಗಿರಲಿಲ್ಲ. ಎಂತ ಇಷ್ಟು ಬೆಳಗ್ಗೆ ಎಂದು ಕೇಳಿದವರಿಗೆ ಇವರು ಅದೇ ಮಾತು ಹೇಳಿದರು. ಮನೆಯಲ್ಲಿ ಕಾಫಿ ಪುಡಿ ಮುಗಿದಿದೆ, ಬೀದಿಯಲ್ಲಿ ಒಬ್ಬರೂ ಒಂದು ಲೋಟ ಕೊಡುತ್ತಿಲ್ಲ.

ಸಾಹುಕಾರರು ನೊಂದುಕೊಂಡರು. "ಹತ್ತಿ ಮಾರಾಯ್ರೆ. ಆಸ್ಪತ್ರೆಯಲ್ಲಿ ಸುಮ್ಮನೆ ಬೆಂಚಿನ ಮೇಲೆ ಕೂತರೆ ಸಾಕು, ಕಾಫಿ ಕೊಡ್ತಾರೆ. ಒಳ್ಳೆಯ ಮನೆತನದ ಒಬ್ಬರು ಮೇಡಂ ಇದ್ದಾರೆ ಅಲ್ಲಿ. ನಿಮ್ಮ ಮನೆಯವರೇ ಅಲ್ವಾ?"

ಇವರು ಮಫ್ಲರ್ ಬಿಗಿಮಾಡಿಕೊಂಡು ಜೀಪು ಹತ್ತಿದರು.

ನಾನು ವಾರ್ಡಿನಿಂದ ಬರುವಾಗ ಯಜಮಾನರು ಬೆಂಚಿನ ಮೇಲೆ ಕೂತಿದ್ದರು. ಮುಂದೆ ಆಯಾ, ಕೆಟಲ್ ಹಿಡಿದು, ಬೋರ್ಡು ತೋರಿಸುತ್ತಾ ನಿಂತಿದ್ದಳು. ಅವರು ಬೋರ್ಡನ್ನು ಓದಿದರು. ಕೆಟಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ, ತೋಳು ಮಡಿಸುತ್ತಾ ಕೇಳಿದರು: "ಯಾವ ಕೈ ಕೊಡಲೇ? ಎಡಗೈಯೋ ಬಲಗೈಯೋ?"

ಎಡಗೈ ಎಂದೆ. ಮಂಜಿನಲ್ಲಿ ನಡೆದು ಕೈ ತಣ್ಣಗಾಗಿತ್ತು. ಸೂಜಿ ಚುಚ್ಚುವಾಗ ಬಲಗೈಯನ್ನು ನಾನು ಹಿಡಿದುಕೊಂಡಿದ್ದೆ. ಮೇಟ್ರನ್ ಆದವಳು ಡ್ಯೂಟಿಯಲ್ಲಿ ಹಾಗೆ ಮಾಡಬಾರದು. ಆಯಾ ಎರಡು ಲೋಟ ಕಾಫಿ ತಂದಳು, ಏಕೆಂದರೆ ಅಂದು ಬೆಳಗ್ಗೆ ನಾನೂ ಕುಡಿದಿರಲಿಲ್ಲ. ಬೀಗದ ಕೈ ನನ್ನ ಹತ್ತಿರವೇ ಇತ್ತು, ಆದರೆ ಮನಸ್ಸು ಬಂದಿರಲಿಲ್ಲ.

ಡಾಕ್ಟರ ಸುಳಿವು ಈ ಸಲ ಸುಳ್ಳಾಗಲಿಲ್ಲ. ಕೆಟ್ಟ ಕೊಲೆಸ್ಟರಾಲ್ ಬಹಳ ಏರಿತ್ತು. ಡಾಕ್ಟರು ಎದೆಯ ಪರೀಕ್ಷೆಗಳನ್ನೂ ಮಾಡಿಸಿದರು. ಅದರಲ್ಲಿ ತೊಂದರೆ ಕಾಣಲಿಲ್ಲ. "ಸರಿಯಾದ ಹೊತ್ತಿಗೆ ಬಂದಿರಿ ಸಾರ್. ಮಾತ್ರೆ ಬಿಡಬೇಡಿ, ದಿನಾ ನಡೆಯಿರಿ," ಎಂದರು. ಮಾರನೆಯ ಬೆಳಗ್ಗೆ ನಾನು ಅಡುಗೆಮನೆಯಿಂದ ಇಣುಕಿದೆ. ಯಜಮಾನರು ತಮ್ಮ ತಂದೆಯ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಪೇಪರ್ ಓದುತ್ತಿದ್ದರು. ಪುಟಗಳ ಸದ್ದು ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಸೊಂಟದ ವಿಷಯವನ್ನು ನಾನು ಕೇಳಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಅಂದು ಆಸ್ಪತ್ರೆಯಲ್ಲಿ ಬೆಂಚು ತುಂಬಿ ಜನ ನಿಂತಿದ್ದಾಗ ಪಾಲಿಬೆಟ್ಟದ ಸಾಹುಕಾರರು ಬಂದರು. ಹಿಂದೆ ಅವರ ಡ್ರೈವರ್, ಹೆಗಲ ಮೇಲೆ ಒಂದು ಚೀಲ. ಚೀಲವನ್ನು ನನ್ನ ಮೇಜಿನ ಮುಂದೆ ಇಳಿಸಿದರು. ಇಡೀ ಹಾಲ್ ಘಮಘಮ ಎಂದಿತು.

"ಸ್ವಂತ ತೋಟದ ಪುಡಿ ಮೇಡಂ," ಎಂದರು ಅವರು, ದನಿಯಲ್ಲಿ ಬಹಳ ಕನಿಕರ. "ಕಷ್ಟ ಎಲ್ಲರಿಗೂ ಬರ್ತದೆ. ದೊಡ್ಡ ಮನೆತನಕ್ಕೂ ಬರ್ತದೆ. ಇದರಲ್ಲಿ ನಾಚಿಕೆ ಎಂತ ಉಂಟು? ನಿಮ್ಮ ಯಜಮಾನ್ರು ಪಾಪ, ಆ ಚಳಿಯಲ್ಲಿ ಮನೆಮನೆಗೆ ಹೋಗಿ ಕೇಳ್ತಾ ಇದ್ದರು. ನೋಡಿ ನನಗೆ ತಡೆಯಲಿಕ್ಕೆ ಆಗ್ಲಿಲ್ಲ."

ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಬೆನ್ನು ನೆಟ್ಟಗಿಟ್ಟುಕೊಂಡು ನಿಂತೆ. ಪೂರ್ತಿ ವಾಕ್ಯ ಬಾಯಿಗೆ ಬರಲಿಲ್ಲ. ಆಗ ಕೊನೆಯಲ್ಲಿ ಕೂತಿದ್ದ ಲೈನಿನ ಹೆಂಗಸು ಎದ್ದು ಬಂದು, ನನ್ನ ತೋಳು ಮುಟ್ಟಿ ಮೆಲ್ಲಗೆ ಹೇಳಿದಳು: "ಅಳಬೇಡಿ ಅಮ್ಮ. ಬೆಲ್ಲ ನಾನು ತರ್ತೀನಿ."

ಆದ್ದರಿಂದ ಎಲ್ಲರಿಗೂ ತಿಳಿಯಲೆಂದು ಬರೆಯುತ್ತಿದ್ದೇನೆ. ಹೆಡ್‌ಮಾಸ್ತರರ ಮೊಮ್ಮಗಳ, ಶಿರಸ್ತೇದಾರರ ಮಗಳ ಮನೆಯಲ್ಲಿ ಕಾಫಿ ಪುಡಿ ಒಂದು ದಿನವೂ ಮುಗಿದದ್ದಿಲ್ಲ. ಅಂದೂ ಇತ್ತು. ಬೀರುವಿನಲ್ಲಿ ಬೀಗದೊಳಗೆ ಇತ್ತು. ಮುಗಿದಿದೆ ಎಂದು ಬೀದಿಗೆಲ್ಲ ಸಾರಿದವರು ಈಗ ಚೆನ್ನಾಗಿದ್ದಾರೆ. ಡಾಕ್ಟರು ಹೇಳಿದಂತೆ ದಿನವೂ ಅದೇ ಬೀದಿಯಲ್ಲಿ ನಡೆಯುತ್ತಾರೆ, ಆದ್ದರಿಂದ ಕಾಲು ನೋವು ಎಂಬ ನೆಪ ನಡೆಯುವುದಿಲ್ಲ. ಟೈಲರ ಮನೆಗೂ, ಬೇಕರಿಗೂ, ಟೀಚರಮ್ಮನ ಕಿಟಕಿಗೂ, ಪಾಲಿಬೆಟ್ಟಕ್ಕೂ ಹೋಗಿ ನಿಜ ಏನೆಂದು ಹೇಳಿ ಬರಬೇಕು. ಬಂದ ಮೇಲೆ, ಆ ಕುರ್ಚಿಯಿಂದ ಎದ್ದು ನಿಂತು, ನನ್ನ ಕ್ಷಮೆ ಕೇಳಬೇಕು.